ಬುಧವಾರದಿಂದ ಬುಧವಾರಕ್ಕೆ ಎಂಟು ದಿನ

ಇಂಗ್ಲಿಷ್ ಕಲಿಸುವ ಅಕ್ಕೋರು ನನಗೆ ಸೇರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಚಲೋ. ಇಲ್ಲವಾದರೆ ಮುಂದೆ ನಾನು ಮಾಡಿದ್ದನ್ನು ಓದಿ, ಈ ಮನುಷ್ಯ ಭಾರಿ ನ್ಯಾಯವಂತ ಎಂದು ಯಾರಾದರೂ ತಪ್ಪು ತಿಳಿದಾರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಲಕ್ಷ್ಮೇಶ್ವರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ನಾನು ಗುಮಾಸ್ತನೂ ಹೌದು, ಟೈಪಿಸ್ಟನೂ ಹೌದು. ಊರು ಬೆಳ್ಳಟ್ಟಿ, ಹೊಲಮನಿ ಮಾಡುವವರ ಪೈಕಿ ಟೈಪಿಂಗ್ ಪರೀಕ್ಷೆ ಪಾಸಾದವ ನಾನೊಬ್ಬನೇ ಎಂಬ ಸೊಕ್ಕು ನನಗಿತ್ತು. ಆಕೆ ಗದಗಿನಲ್ಲಿ ಓದಿದವಳು. ಅಪ್ಪ, ಅಜ್ಜ ಎಲ್ಲ ಮಾಸ್ತರಿಕೆ ಮಾಡಿದ ಮನೆತನ. ಇಂಗ್ಲಿಷನ್ನು ತಾಯಿಯ ಹಾಲಿನೊಂದಿಗೇ ಕುಡಿದವಳ ಹಾಗೆ ನಡೆಯುತ್ತಿದ್ದಳು. ಎದುರಿಗೆ ಎಲ್ಲರೂ ಬಹುವಚನ ಹಚ್ಚುತ್ತಿದ್ದೆವು. ಇಲ್ಲಿ ನಾನು ಏಕವಚನದಲ್ಲೇ ಬರೆಯುತ್ತೇನೆ, ಆಗ ಮನಸ್ಸಿನಲ್ಲಿ ಹಾಗೇ ಕರೆಯುತ್ತಿದ್ದೆ.

ನಾನು ಕೆಲಸಕ್ಕೆ ಸೇರಿದ ವರ್ಷವೇ ಶಾಲೆಯ ಕುಡಿಯುವ ನೀರಿನ ನಲ್ಲಿ ಕೆಟ್ಟಿತು. ಕೆಟ್ಟು ಮೂರು ದಿನವಾಗಿದೆ, ಯಾರೂ ಅಲ್ಲಿ ಕೊಡ ಇಡಬೇಡಿ ಎಂದು ಇಂಗ್ಲಿಷಿನಲ್ಲಿ ಒಂದು ಸೂಚನೆ ಟೈಪು ಮಾಡಿ ಬೋರ್ಡಿಗೆ ಅಂಟಿಸಿದೆ. ‘ಸಿನ್ಸ್ ಥ್ರೀ ಡೇಸ್’ ಎಂದು ಬರೆದಿದ್ದೆ. ಮಧ್ಯಾಹ್ನ ನೋಡಿದರೆ ‘ಸಿನ್ಸ್’ ಸುತ್ತ ಆಕೆಯ ಕೆಂಪು ಶಾಯಿಯ ಗುಂಡು, ಮೇಲೆ ‘ಫಾರ್’ ಎಂದು ತಿದ್ದುಪಡಿ, ಪಕ್ಕದಲ್ಲಿ ಕನ್ನಡದಲ್ಲಿ ಸಣ್ಣ ಅಕ್ಷರ: ‘ಎಷ್ಟು ದಿನ ಅಂದರೆ ಫಾರ್, ಯಾವಾಗಿನಿಂದ ಅಂದರೆ ಸಿನ್ಸ್.’ ಡ್ರಾಯಿಂಗ್ ಮಾಸ್ತರ ಅದನ್ನು ಇಡೀ ಸ್ಟಾಫ್ ರೂಮಿಗೆ ಓದಿ ಹೇಳಿದ. ಮುಂದೆ ಎಂಟತ್ತು ತಿಂಗಳು ನಾನು ಎದುರಿಗೆ ಸಿಕ್ಕರೆ ಸಾಕು, ‘ಏನಪಾ, ಫಾರೋ ಸಿನ್ಸೋ?’ ಎನ್ನುತ್ತಿದ್ದ.

ಸಿಟ್ಟಿಗೆ ಗದಗಿನ ರದ್ದಿ ಅಂಗಡಿಯಿಂದ ಒಂದು ಹಳೆಯ ವ್ಯಾಕರಣದ ಪುಸ್ತಕ ತಂದೆ. ಬೇರೆ ಅಧ್ಯಾಯಕ್ಕೆ ಕೈ ಹಚ್ಚಲಿಲ್ಲ. ಕಾಲ ತೋರಿಸುವ ಸಣ್ಣ ಪದಗಳನ್ನಷ್ಟೇ ಗಟ್ಟಿ ಮಾಡಿದೆ. ಮೂರು ದಿನದಿಂದ ನಲ್ಲಿ ಕೆಟ್ಟಿದೆ, ಸೋಮವಾರದಿಂದ ನಲ್ಲಿ ಕೆಟ್ಟಿದೆ: ನಮಗೆ ಎರಡಕ್ಕೂ ಒಂದೇ ‘ಇಂದ’ ಸಾಕು, ಅವರಿಗೆ ಎರಡು ಬೇಕು. ಸೋಮವಾರದ ತನಕ ಕೂತಿರುವುದಕ್ಕೆ ‘ಟಿಲ್’. ಸೋಮವಾರದೊಳಗೆ ಕೆಲಸ ಮುಗಿಸುವುದಕ್ಕೆ ‘ಬೈ’. ‘ಇನ್ ಟೂ ಡೇಸ್’ ಅಂದರೆ ಎರಡು ದಿನ ಕಳೆದು, ‘ವಿದಿನ್ ಟೂ ಡೇಸ್’ ಅಂದರೆ ಎರಡು ದಿನ ಮುಗಿಯುವುದರೊಳಗೆ. ಗಡಿಯಾರದ ಗಂಟೆಗೆ ಸರಿಯಾಗಿ ಬಂದರೆ ‘ಆನ್ ಟೈಮ್’, ಕೆಲಸ ಕೆಡುವ ಮುಂಚೆ ಬಂದರೆ ‘ಇನ್ ಟೈಮ್’. ಆಮೇಲೆ ನನ್ನ ಒಂದು ಕಾಗದದ ಮೇಲೂ ಕೆಂಪು ಶಾಯಿ ಬೀಳಲಿಲ್ಲ. ಆದರೆ ಸರಿಯಾಗಿದೆ ಎಂದೂ ಆಕೆ ಒಂದು ದಿನ ಅನ್ನಲಿಲ್ಲ. ಅದು ನನ್ನನ್ನು ಇನ್ನಷ್ಟು ಉರಿಸಿತು.

ಮೂರನೆಯ ವರ್ಷ ಚಳಿಗಾಲ ಮುಗಿಯುವಾಗ ಮುಂಡರಗಿಯಲ್ಲಿದ್ದ ಆಕೆಯ ತಾಯಿಗೆ ಲಕ್ವ ಹೊಡೆಯಿತು. ಆಕೆ ರಜೆ ಹಾಕಿ ಹೋದಳು. ರಜೆ ಮುಗಿಯಿತು, ಬೆಳೆಸಿದಳು, ಮತ್ತೆ ಮುಗಿಯಿತು. ನಮ್ಮ ಶಾಲೆಯ ಕಾರ್ಯದರ್ಶಿ ಊರಿನ ದೊಡ್ಡ ಕಾಳಿನ ವ್ಯಾಪಾರಿ. ಆತನ ತಮ್ಮನ ಹೆಂಡತಿ ಆ ವರ್ಷವೇ ಬಿ.ಎಡ್. ಮುಗಿಸಿ ಮನೆಯಲ್ಲಿ ಕೂತಿದ್ದಳು. ಖಾಲಿ ಕುರ್ಚಿ ಕಂಡರೆ ಆತನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಒಂದು ದಿನ ಆಫೀಸಿಗೆ ಬಂದು ಟೇಬಲ್ಲಿನ ತುದಿಯ ಮೇಲೇ ಕೂತ.

‘ಅಕಿಗೆ ಒಂದ್ ನೋಟಿಸ್ ಬರಿ. ಎಂಟ್ ದಿನದಾಗ ಬಂದು ಹಾಜರ ಆಗಬೇಕು. ಇಲ್ಲಂದ್ರ ನೌಕರಿ ಬಿಟ್ಟಾಳಂತ ತಿಳಕೋತೀವಿ ಅಂತ ಹಾಕು.’

‘ಇಂಗ್ಲಿಷ್‌ನ್ಯಾಗ ಬರೀಲೇನ್ರಿ?’

‘ಮತ್ತೇನ? ಇಂಗ್ಲಿಷ್ ಬಾಯಿ ಅಲ್ಲೇನು ಅಕಿ? ಕನ್ನಡ ತಿಳೀತೈತೋ ಇಲ್ಲೋ!’

ಆತ ಹೋದಮೇಲೆ ನಾನು ಬಹಳ ಹೊತ್ತು ಆ ವಾಕ್ಯದೊಂದಿಗೆ ಗುದ್ದಾಡಿದೆ. ‘ದಿನದಾಗ’ ಎನ್ನುವುದಕ್ಕೆ ‘ಇನ್’ ಹಾಕಿದರೆ ಆಕೆ ನಗುತ್ತಾಳೆ. ‘ಬೈ’ ಹಾಕಿದರೆ ಮುಂದೆ ತಾರೀಖು ಬೇಕು, ಅಂಚೆ ಯಾವತ್ತು ಮುಟ್ಟುತ್ತದೋ ಯಾರಿಗೆ ಗೊತ್ತು. ಕೊನೆಗೆ ಹೀಗೆ ಹೊಡೆದೆ: ‘ಯು ಆರ್ ಡೈರೆಕ್ಟೆಡ್ ಟು ರಿಪೋರ್ಟ್ ಫಾರ್ ಡ್ಯೂಟಿ ವಿದಿನ್ ಏಟ್ ಡೇಸ್ ಫ್ರಮ್ ದಿ ರಿಸೀಟ್ ಆಫ್ ದಿಸ್ ನೋಟಿಸ್.’ ಎರಡು ಸಲ ಓದಿದೆ. ಎಲ್ಲಿ ಬೇಕಾದರೂ ಕೆಂಪು ಶಾಯಿ ಇಟ್ಟು ನೋಡು ಎಂದು ಮನಸ್ಸಿನಲ್ಲೇ ಸವಾಲು ಹಾಕಿದೆ. ಕಾರ್ಬನ್ ಪ್ರತಿಯನ್ನು ಫೈಲಿಗೆ ಸೇರಿಸಿ, ಹೊರಹೋಗುವ ಕಾಗದಗಳ ಜಾವಕ ಪುಸ್ತಕದಲ್ಲಿ ನಂಬರು ಹಾಕಿ, ಮೂಲವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಮುಂಡರಗಿಗೆ ಕಳಿಸಿದೆ. ಮುಟ್ಟಿದ್ದಕ್ಕೆ ಆಕೆ ಸಹಿ ಮಾಡಿದ ಪೋಚು ಕಾರ್ಡು ತಿರುಗಿ ಬಂತು. ನೋಟಿಸು ಆಕೆಯ ಕೈಗೆ ಮುಟ್ಟಿದ್ದು ಬುಧವಾರ.

‘ವಿದಿನ್’ ಎಂಬ ಒಂದು ಪದಕ್ಕೆ ಇಷ್ಟೆಲ್ಲ ಪುಸ್ತಕ ತಿರುವಿದ ನಾನು, ಅದರ ಪಕ್ಕದ ‘ಏಟ್’ ಕಡೆಗೆ ಕಣ್ಣೆತ್ತಿಯೂ ನೋಡಿರಲಿಲ್ಲ. ನಮ್ಮ ಕಡೆ ವಾರಕ್ಕೆ ಎಂಟು ದಿನ. ಇವತ್ತು ಬುಧವಾರ ಸಂತೆಗೆ ಹೋದವ ‘ಇನ್ನ ಎಂಟ್ ದಿನಕ್ಕ ಬರ್ತೀನಿ’ ಅಂದರೆ ಮುಂದಿನ ಬುಧವಾರವೇ ಬರುತ್ತಾನೆ. ಹೋದ ದಿನವನ್ನೂ ಎಣಿಸುತ್ತೇವೆ, ಬಂದ ದಿನವನ್ನೂ ಎಣಿಸುತ್ತೇವೆ. ಕಾರ್ಯದರ್ಶಿ ಹೇಳಿದ್ದೂ ಅದನ್ನೇ, ನಾನು ತಿಳಿದದ್ದೂ ಅದನ್ನೇ. ಆದರೆ ಇಂಗ್ಲಿಷಿನಲ್ಲಿ ಬರೆದ ಮೇಲೆ ಎಂಟು ಅಂದರೆ ಎಂಟೇ. ನೋಟಿಸು ಮುಟ್ಟಿದ ದಿನ ಲೆಕ್ಕಕ್ಕಿಲ್ಲ. ಮರುದಿನದಿಂದ ಬೆರಳು ಮಡಚಬೇಕು. ಹಾಗೆ ಮಡಚಿದರೆ ಎಂಟನೆಯ ಬೆರಳು ಗುರುವಾರಕ್ಕೆ ಬರುತ್ತದೆ.

ಆಕೆ ಹಾಗೆಯೇ ಮಡಚಿದ್ದಳು. ಬುಧವಾರ ತಾಯಿಯನ್ನು ಗದಗಿನ ಡಾಕ್ಟರಿಗೆ ತೋರಿಸಿ, ಗುರುವಾರ ಮುಂಜಾನೆ ಮೊದಲ ಬಸ್ಸಿಗೆ ಲಕ್ಷ್ಮೇಶ್ವರಕ್ಕೆ ಬಂದಳು. ಮೊದಲ ಗಂಟೆ ಹೊಡೆಯುವ ಮುಂಚೆಯೇ ಶಾಲೆಯಲ್ಲಿದ್ದಳು.

ಆದರೆ ಬುಧವಾರ ಸಂಜೆ ಐದಕ್ಕೇ ಆಡಳಿತ ಮಂಡಳಿ ಸಭೆ ಕೂತು, ಚಹಾ ಆರುವುದರೊಳಗೆ ಆಕೆ ನೌಕರಿ ಬಿಟ್ಟಳೆಂದು ಠರಾವು ಪಾಸು ಮಾಡಿತ್ತು. ಬರೆದವನು ನಾನೇ. ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಮೇಲೆ ಗೆರೆ ಎಳೆದವನೂ ನಾನೇ.

ಸಹಿ ಮಾಡಲು ಬಂದವಳು ಗೆರೆ ನೋಡಿ ನಿಂತುಬಿಟ್ಟಳು.

‘ಇದೇನ್ರಿ ಇದು?’

‘ನಿನ್ನಿಗೆ ಮುದ್ದತು ಮುಗೀತ್ರಿ. ಮಂಡಳಿ ಠರಾವು ಆಗೇತಿ.’

‘ಇವತ್ತಿಗೆ ಎಂಟು ದಿನ. ನೀವ ಟೈಪ್ ಮಾಡೀರಿ, ನಿಮಗ ಗೊತ್ತಿಲ್ಲೇನು?’

‘ಹೇಳೂದ್ ಏನಿದ್ರೂ ಬರದು ಕೊಡ್ರಿ’ ಅಂದೆ. ‘ನೋಟಿಸಿನ ಮೂಲಪ್ರತಿ ಲಗತ್ತ ಹಚ್ಚಬೇಕ್ರಿ, ರೂಲ್ ಐತಿ.’

ಖುಷಿಯಿಂದಲೇ ಹೇಳಿದೆ, ಸುಳ್ಳೇಕೆ. ಮೂರು ವರ್ಷದ ಮೇಲೆ ಆಕೆಗೆ ನಾನು ರೂಲು ಹೇಳುವ ಕಾಲ ಬಂದಿತ್ತು. ಆಕೆ ನಿಂತಲ್ಲೇ ಹಾಜರಿ ವರದಿ ಬರೆದು, ಮೂಲ ನೋಟಿಸನ್ನು ಟಾಚಣಿಯಿಂದ ಚುಚ್ಚಿ ಟೇಬಲ್ಲಿನ ಮೇಲೆ ಇಟ್ಟಳು. ನಾನು ಒಳಬರುವ ಕಾಗದಗಳ ಆವಕ ಪುಸ್ತಕದಲ್ಲಿ ನಂಬರು ಹಾಕಿ, ಕೊನೆಯ ಕಾಲಂನಲ್ಲಿ ‘ಲಗತ್ತು ೧’ ಎಂದು ಬರೆದೆ. ಝೆರಾಕ್ಸು ಎಂಬ ಯಂತ್ರವನ್ನು ಆಗ ಲಕ್ಷ್ಮೇಶ್ವರ ನೋಡಿರಲಿಲ್ಲ. ತನ್ನ ನೌಕರಿ ಉಳಿಸಬಲ್ಲ ಒಂದೇ ಒಂದು ಹಾಳೆಯನ್ನು ಆಕೆ ತನ್ನ ವೈರಿಯ ಕೈಗೆ ಕೊಟ್ಟು ಹೋಗಿದ್ದಳು.

ಅಂದಿನಿಂದ ಮೂರು ಸಲ ಬಂದು ಬರಾಂಡದಲ್ಲಿ ನಿಂತಳು. ಕಾರ್ಯದರ್ಶಿ ಭೇಟಿಯಾಗಲಿಲ್ಲ. ಹೆಡ್‌ಮಾಸ್ತರರು ಆಕೆ ಬಂದರೆ ಸಂಡಾಸಕ್ಕೆ ಹೋಗಿ ಕೂತುಬಿಡುತ್ತಿದ್ದರು. ಗಂಡ ತೀರಿಕೊಂಡು ಆಗಲೇ ಐದು ವರ್ಷ; ಮಕ್ಕಳಿಲ್ಲ; ಹಾಸಿಗೆ ಹಿಡಿದ ತಾಯಿಗೆ ಆಕೆಯ ನೌಕರಿಯೊಂದೇ ಆಧಾರ. ಇದು ಶಾಲೆಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಕೊನೆಗೆ ಆಕೆ ಗದಗಿಗೆ ಹೋಗಿ ಶಿಕ್ಷಣ ಇಲಾಖೆಗೆ ಅರ್ಜಿ ಕೊಟ್ಟಳು. ತಿಂಗಳೊಪ್ಪತ್ತಿನಲ್ಲಿ, ಅಧಿಕಾರಿ ವಿಚಾರಣೆಗೆ, ನಮ್ಮ ಮಾತಿನಲ್ಲಿ ಚೌಕಶಿಗೆ, ಬರುತ್ತಾರೆಂದು ಕಾಗದ ಬಂತು.

ಚೌಕಶಿಯ ಹಿಂದಿನ ದಿನ ಕಾರ್ಯದರ್ಶಿ ಫೈಲು ತರಿಸಿದ. ಜೊತೆಗೆ ಒಬ್ಬ ವಕೀಲನನ್ನು ಕರೆತಂದಿದ್ದ. ವಕೀಲ ನೋಟಿಸನ್ನು ಓದಿ, ಬೆರಳು ಮಡಚಿ, ತಲೆ ಅಲ್ಲಾಡಿಸಿದ.

‘ಅಕಿ ಲೆಕ್ಕ ಬರೋಬ್ಬರಿ ಐತ್ರಿ. ಏಟ್ ಅಂತ ಐತಿ. ವಾರ ಅನ್ನೂದಿದ್ರ ಸೆವೆನ್ ಅಂತ ಬರೀಬೇಕಿತ್ತು.’

ಕಾರ್ಯದರ್ಶಿ ನನ್ನ ಕಡೆ ತಿರುಗಿದ. ಆ ಮುಖ ಇನ್ನೂ ಕಣ್ಣ ಮುಂದಿದೆ.

‘ಏನಲೇ, ಅಡ್ನಾಡಿ! ಇಷ್ಟು ಗೊತ್ತಾಗಲಿಲ್ಲ ನಿನಗ? ನಿನ್ನ ಇಂಗ್ಲಿಷ್‌ಗೆ ಬೆಂಕಿ ಹತ್ತಲಿ. ಅಕಿ ಆವತ್ತ ನಿನಗ ಕೆಂಪು ಶಾಯಿ ಹಚ್ಚಿದ್ದು ಬರೋಬ್ಬರಿ ಐತಿ.’

‘ನೀವ ಎಂಟು ಅಂದ್ರಿ...’

‘ನಾ ಸಾವಿರ ಅಂತೀನಿ. ಬರಿಯಾಂವಗ ಬುದ್ಧಿ ಬ್ಯಾಡೇನು?’

ವಕೀಲ ಹೊರಗೆ ಹೋಗಿ ಎಲೆ-ಅಡಿಕೆ ಹಾಕಿಕೊಳ್ಳುತ್ತ ನಿಂತ. ಕಾರ್ಯದರ್ಶಿ ದನಿ ಇಳಿಸಿದ. ಹಳೆಯ ತಾರೀಖು ಹಾಕಿ ಇನ್ನೊಂದು ಆಫೀಸು ಪ್ರತಿ ಟೈಪು ಮಾಡಬೇಕು, ‘ಏಟ್’ ಇದ್ದಲ್ಲಿ ‘ಸೆವೆನ್’. ಆಕೆ ಲಗತ್ತು ಹಚ್ಚೇ ಇಲ್ಲ ಎಂದು ಹೇಳುವುದು. ಮೂಲವನ್ನೂ ಹಳೆಯ ಪ್ರತಿಯನ್ನೂ ಒಲೆಗೆ ಹಾಕುವುದು.

ನಾನು ಮಾಡಿದೆ. ಅದೇ ಯಂತ್ರ, ಅದೇ ಮಸಿ ತುಂಬಿದ ‘ಇ’ ಅಕ್ಷರ. ಹೊಸ ಕಾರ್ಬನ್ ಅಚ್ಚು ಕಪ್ಪಗೆ ಮೂಡಿ ಹೊಸದೆಂದು ಗೊತ್ತಾಗುತ್ತದೆ ಎಂದು, ಸವೆದ ಕಾರ್ಬನ್ನನ್ನು ಹುಡುಕಿ ಇಟ್ಟು ಹೊಡೆದೆ. ಕಾಗದದ ಅಂಚನ್ನು ಬೆರಳಿನಿಂದ ತಿಕ್ಕಿ ಮಾಸಲು ಮಾಡಿದೆ. ಕೆಟ್ಟ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುವ ಚಟ ನನ್ನದು. ಕಾರ್ಯದರ್ಶಿ ಸಹಿ ಹಾಕಿ ಫೈಲಿಗೆ ಸೇರಿಸಿದ.

ಒಲೆಗೆ ಮಾತ್ರ ಹಾಕಲಿಲ್ಲ. ಧರ್ಮ ಅಡ್ಡ ಬಂತು ಎಂದೇನಲ್ಲ. ಆವಕ ನಂಬರು ಬಿದ್ದ ಕಾಗದವನ್ನು ಸುಡಲು ಗುಮಾಸ್ತನ ಕೈ ಬರುವುದಿಲ್ಲ, ಅಷ್ಟೇ. ಎರಡನ್ನೂ ಸ್ಟೆನ್ಸಿಲ್ ಡಬ್ಬಿಯ ಕೆಳಗೆ ಇಟ್ಟು ಕಪಾಟಿಗೆ ಕೀಲಿ ಹಾಕಿದೆ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಕುದಿದೆ. ಆಕೆಯ ನೆನಪಿನಿಂದ ಅಲ್ಲ, ‘ನಿನ್ನ ಇಂಗ್ಲಿಷ್‌ಗೆ ಬೆಂಕಿ ಹತ್ತಲಿ’ ಎಂಬ ಮಾತಿನಿಂದ.

ಮರುದಿನ ಹೆಡ್‌ಮಾಸ್ತರರ ಕೋಣೆಯಲ್ಲಿ ಚೌಕಶಿ. ಅಧಿಕಾರಿ ತೆಳ್ಳನೆಯ ಮನುಷ್ಯ, ನಗು ಇಲ್ಲ, ತಂದ ಚಹಾ ಮುಟ್ಟಲಿಲ್ಲ. ಅವರ ಎದುರು ಕಾರ್ಯದರ್ಶಿ, ಪಕ್ಕದಲ್ಲಿ ಹೆಡ್‌ಮಾಸ್ತರರು. ಆಕೆಗೆ ಯಾರೂ ಕುರ್ಚಿ ಕೊಡಲಿಲ್ಲ. ನಾನು ಬಾಗಿಲ ಬಳಿ ಪುಸ್ತಕಗಳನ್ನು ಹಿಡಿದು ನಿಂತಿದ್ದೆ. ಮೊದಲು ಜಾವಕ ಪುಸ್ತಕ, ಆಮೇಲೆ ಅಂಚೆಯ ಪೋಚು, ಆಮೇಲೆ ಹಾಜರಿ, ಆಮೇಲೆ ಠರಾವು: ಕೇಳಿದಂತೆ ಒಂದೊಂದೇ ಇಟ್ಟೆ.

‘ನೋಟಿಸಿನಲ್ಲಿ ಎಷ್ಟು ದಿನ ಕೊಟ್ಟಿದ್ರು?’ ಅಧಿಕಾರಿ ಆಕೆಯನ್ನು ಕೇಳಿದರು.

‘ಎಂಟು ದಿನ ಸರ್. ಎಂಟನೇ ದಿನ ನಾನು ಬಂದೀನಿ.’

ಕಾರ್ಯದರ್ಶಿ ಫೈಲು ಮುಂದೆ ತಳ್ಳಿದ. ‘ಓದ್ರಿ ಸಾಹೇಬ್ರ. ಏಳು ಅಂತ ಐತಿ.’

ಅಧಿಕಾರಿ ಓದಿ, ಹಾಳೆಯನ್ನು ಆಕೆಯ ಕಡೆ ತಿರುಗಿಸಿದರು. ಆಕೆ ಬಗ್ಗಿ ನೋಡಿದಳು. ಒಮ್ಮೆ ಓದಿದಳು, ಮತ್ತೊಮ್ಮೆ ಓದಿದಳು.

‘ಇದು ಅಲ್ಲ ಸರ್... ನನಗ ಬಂದಿದ್ದು ಏಟ್ ಅಂತ ಇತ್ತು. ಮೂಲ ಪ್ರತಿ ಲಗತ್ತ ಹಚ್ಚಿ ಕೊಟ್ಟೀನಿ.’

‘ಲಗತ್ತ ಏನೂ ಇರಲಿಲ್ಲರಿ’ ಅಂದ ಕಾರ್ಯದರ್ಶಿ. ‘ಇಂಗ್ಲಿಷ್ ಬಾಯಿ ಅದಾರ, ಸೆವೆನ್, ಏಟ್ ಫರಕ ತಿಳೀಲಿಲ್ಲಂದ್ರ ಮಂಡಳಿ ಏನ್ ಮಾಡಬೇಕು?’

ಅಧಿಕಾರಿ ಆವಕ ಪುಸ್ತಕ ಕೇಳಿದರು. ಕಾರ್ಯದರ್ಶಿಗೆ ಆ ಪುಸ್ತಕದ ನೆನಪೇ ಇರಲಿಲ್ಲ. ನನಗಿತ್ತು, ಆದರೆ ಯಾರೂ ಕೇಳಿರಲಿಲ್ಲ. ತಂದು ಇಟ್ಟೆ. ಅಧಿಕಾರಿಯ ಬೆರಳು ಸಾಲಿನುದ್ದಕ್ಕೂ ಹೋಗಿ ಕೊನೆಯ ಕಾಲಂನಲ್ಲಿ ನಿಂತಿತು.

‘ಲಗತ್ತು ಒಂದು ಅಂತ ಇದೆಯಲ್ಲ. ಏನದು?’

‘ಡಾಕ್ಟರ್ ಸರ್ಟಿಫಿಕೇಟ್ ಇರಬೇಕ್ರಿ’ ಎಂದು ಕಾರ್ಯದರ್ಶಿ ತಟ್ಟನೆ ಅಂದ. ಅಧಿಕಾರಿ ಆತನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ‘ಬರೆದದ್ದು ನೀವು. ನೀವು ಹೇಳಿ.’

ಹೌದು ಅಂದರೆ ಮುಗಿದುಹೋಗುತ್ತಿತ್ತು. ಆಕೆ ಮುಂಡರಗಿಯ ಬಸ್ಸು ಹತ್ತುತ್ತಿದ್ದಳು. ನಾನು ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಕಾರ್ಯದರ್ಶಿ ನಕ್ಕು, ‘ಇವಗೇನ್ ಕೇಳ್ತೀರಿ ಸಾಹೇಬ್ರ, ಒಂದು ಓಳಿ ಇಂಗ್ಲಿಷ್ ನೆಟ್ಟಗ ಬರಿಯಾಕ ಬರೂದಿಲ್ಲ, ಕೈಗೆ ಬಂದಿದ್ದು ಬರದಿರ್ತಾನ’ ಅಂದ.

ನನ್ನ ನೆತ್ತಿಗೆ ಸಿಟ್ಟು ಏರಿತು. ಆ ವಾಕ್ಯ ನನ್ನದು. ಪುಸ್ತಕ ತಿರುವಿ, ‘ಇನ್’ ಬಿಟ್ಟು, ‘ಬೈ’ ಬಿಟ್ಟು, ‘ವಿದಿನ್’ ಹುಡುಕಿ ಕೂಡಿಸಿದ ವಾಕ್ಯ. ಅದನ್ನು ಸುಡು ಅಂದದ್ದೂ ಅಲ್ಲದೆ, ಬರೆಯಲು ಬರುವುದಿಲ್ಲ ಎಂದು ಪರವೂರಿನ ಅಧಿಕಾರಿಯ ಮುಂದೆ, ಅದೂ ಆಕೆಯ ಮುಂದೆ, ಹೇಳುತ್ತಾನೆ. ನೆಟ್ಟಗೆ ಆಫೀಸಿಗೆ ಹೋದೆ. ಕಪಾಟು ತೆರೆದೆ. ಡಬ್ಬಿ ಎತ್ತಿದೆ. ಹೆದರಿಕೆಯೂ ಆಗಿತ್ತು. ಹಿಂದಿರುಗಿ ಬಂದು ಎರಡೂ ಹಾಳೆಗಳನ್ನು ಅಧಿಕಾರಿಯ ಮುಂದಿಟ್ಟೆ.

‘ಇದು ಅವರು ಹಚ್ಚಿದ ಮೂಲ ಪ್ರತಿರಿ. ಇದು ಖರೆ ಆಫೀಸ್ ಪ್ರತಿ. ಫೈಲಿನ್ಯಾಗ ಇರೂದು ನಿನ್ನಿ ಟೈಪ್ ಮಾಡಿದ್ದು. ಮಾಡಿದಾಂವ ನಾನ.’

ಅಧಿಕಾರಿ ಮೂರೂ ಹಾಳೆಗಳನ್ನು ಸಾಲಾಗಿ ಇಟ್ಟರು.

‘ಏಳು ಬೇಕಿದ್ದರೆ ಮೊದಲು ಎಂಟು ಅಂತ ಯಾಕೆ ಬರೆದಿರಿ?’

‘ನಮ್ಮ ಕಡೆ ವಾರಕ್ಕ ಎಂಟು ದಿನ ಅಂತಾರ್ರಿ.’

‘ಅನ್ನೋದು ಬೇರೆ, ಬರೆಯೋದು ಬೇರೆ’ ಅಂದರು.

ಕಾರ್ಯದರ್ಶಿ ಎದ್ದು ನಿಂತ. ‘ಇಂವ ಅಂದಿದ್ದನ್ನ ನಾನೂ ಹೇಳೂದು ಸಾಹೇಬ್ರ! ಇಡೀ ಊರು ಕೇಳ್ರಿ, ಶಿರಹಟ್ಟಿ ಕೇಳ್ರಿ, ಗದಗ ಕೇಳ್ರಿ. ಬುಧವಾರದಿಂದ ಬುಧವಾರಕ್ಕ ಎಂಟು ದಿನ. ಅಕಿ ಬಂದಿದ್ದು ಗುರುವಾರ. ಹೆಡ್‌ಮಾಸ್ತರ, ಹೇಳ್ರಿ!’

ಹೆಡ್‌ಮಾಸ್ತರರು ಹೌದೆಂದು ಗೋಣು ಹಾಕಿದರು. ಅಧಿಕಾರಿ ಆ ಹೊಸ ಹಾಳೆಯನ್ನು ಎತ್ತಿ ಹಿಡಿದರು.

‘ಇಡೀ ಊರಿಗೆ ಎಂಟು ಅಂದರೆ ಬುಧವಾರವೇ ಆಗಿದ್ದರೆ, ನಿನ್ನೆ ಇದನ್ನು ಏಳು ಅಂತ ಯಾಕೆ ಟೈಪ್ ಮಾಡಿಸಿದಿರಿ?’

ಕಾರ್ಯದರ್ಶಿ ನನ್ನನ್ನು ನೋಡಿದ ನೋಟದಲ್ಲಿ ಉತ್ತರವೆಲ್ಲ ಇತ್ತು.

ಹದಿನೈದು ದಿನಕ್ಕೆ ಆದೇಶ ಬಂತು. ಆಕೆಯನ್ನು ಆ ಗುರುವಾರದಿಂದಲೇ ಹಾಜರೆಂದು ತಿಳಿದು ಕೆಲಸಕ್ಕೆ ತೆಗೆದುಕೊಳ್ಳಬೇಕು. ಸೋಮವಾರ ಹತ್ತು ಗಂಟೆಗೆ ಆಕೆ ಬರುವ ಮುಂಚೆಯೇ ಕಾರ್ಯದರ್ಶಿ ಬಂದು ನನ್ನ ಟೇಬಲ್ಲಿನ ಮುಂದೆ ನಿಂತ. ಈ ಸಲ ಕೂಡಲಿಲ್ಲ.

‘ಅಕಿನ್ನ ಹಾಜರ ಮಾಡ್ಕೊ. ಆಮ್ಯಾಲ ಕೀಲಿ ಹೆಡ್‌ಮಾಸ್ತರಗ ಕೊಟ್ಟು ನೀ ಹೋಗು. ನಾಳಿಂದ ಬರಬ್ಯಾಡ.’

ನಾನು ಖಾಯಂ ಆಗಿರಲಿಲ್ಲ. ನನ್ನನ್ನು ತೆಗೆಯಲು ನೋಟಿಸು ಬೇಕಿರಲಿಲ್ಲ, ಇಂಗ್ಲಿಷೂ ಬೇಕಿರಲಿಲ್ಲ. ಆತ ಹೋದಮೇಲೆ ನನ್ನ ಸಾಮಾನನ್ನು ಒಂದು ಗಂಟು ಕಟ್ಟಿದೆ. ಬೆಳ್ಳಟ್ಟಿಗೆ ಹೋಗಿ ಅಪ್ಪನಿಗೆ ಏನು ಹೇಳುವುದೆಂದು ತಿಳಿಯಲಿಲ್ಲ. ಮಾಡಿದ್ದಕ್ಕೆ ಅಭಿಮಾನವೇನೂ ಬರಲಿಲ್ಲ, ಬರೀ ಸಂಕಟವಾಯಿತು.

ಆಕೆ ಬಂದಳು. ನಾನು ಹಾಜರಿ ಪುಸ್ತಕ ತೆರೆದು, ಗುರುವಾರದ ಮನೆಯಿಂದ ಇವತ್ತಿನ ತನಕ ಒಂದೊಂದಾಗಿ ಬೆರಳಿಟ್ಟು ತೋರಿಸಿದೆ. ಆಕೆ ಒಂದೊಂದಾಗಿ ಸಹಿ ಮಾಡಿದಳು. ಪೆನ್ನಿನ ಟೋಪಿ ಹಾಕುತ್ತ ಅಂದಳು:

‘ನನ್ನ ಸಲುವಾಗಿ ನೀವು ಹಂಗ ಮಾಡ್ಲಿಲ್ಲ ಅನ್ನೂದು ನನಗ ಗೊತ್ತೈತ್ರಿ. ಆದ್ರೂ ಒಂದು ಮಾತು. ನಿಮ್ಮ ತಪ್ಪು ಇಂಗ್ಲಿಷಿನಿಂದ ನನ್ನ ನೌಕರಿ ಉಳೀತು.’

ಉಪಕಾರ ನೆನೆಯುವ ರೀತಿಯೇ ಇದು! ಮೂರು ವರ್ಷದ ವಿಷವೆಲ್ಲ ಒಮ್ಮೆಲೇ ನಾಲಿಗೆಗೆ ಬಂತು.

‘ತಪ್ಪು ಎಲ್ಲಿತ್ತರಿ? ತೋರಸ್ರಿ.’

‘ಅಂದ್ರ?’

‘ಆ ವಾಕ್ಯದಾಗ ತಪ್ಪು ಯಾವುದು ತೋರಸ್ರಿ. ಕಾರ್ಯದರ್ಶಿ ಲೆಕ್ಕ ತಪ್ಪು, ಊರಿನ ಲೆಕ್ಕ ತಪ್ಪು. ನನ್ನ ಇಂಗ್ಲಿಷ್ ಎಲ್ಲೆ ತಪ್ಪೇತಿ?’

ಆಕೆಗೆ ಆ ವಾಕ್ಯ ಬಾಯಿಪಾಠವಾಗಿತ್ತು, ಆಗದೆ ಏನು. ಕಿಟಕಿಯ ಕಡೆ ನೋಡುತ್ತ ಮೆಲ್ಲಗೆ ಒಂದೊಂದೇ ಪದ ಬಿಡಿಸಿ ಹೇಳತೊಡಗಿದಳು. ಯು ಆರ್ ಡೈರೆಕ್ಟೆಡ್. ಟು ರಿಪೋರ್ಟ್ ಫಾರ್ ಡ್ಯೂಟಿ. ವಿದಿನ್ ಅಂದಾಗ ಸ್ವಲ್ಪ ತಡೆದಳು. ಏಟ್ ಡೇಸ್ ಅಂದಾಗ ಮತ್ತೆ ತಡೆದಳು. ಕೊನೆಯ ತನಕ ಹೋದಳು. ನಾನು ಪರೀಕ್ಷೆಯ ಹುಡುಗನ ಹಾಗೆ ಆಕೆಯ ಬಾಯನ್ನೇ ನೋಡುತ್ತಿದ್ದೆ, ನಾಚಿಕೆಗೇಡು.

‘ಇಲ್ಲ’ ಅಂದಳು. ‘ತಪ್ಪಿಲ್ಲ. ಸರಿ ಐತಿ.’

ಗಂಟೆ ಹೊಡೆಯಿತು. ಆಕೆಗೆ ಹತ್ತನೆಯ ಇಯತ್ತೆಯ ಮೊದಲ ಪಾಠ. ಪುಸ್ತಕ ಎತ್ತಿಕೊಂಡವಳು ನನ್ನ ಟೇಬಲ್ಲಿನ ಮೇಲೆ ಕಟ್ಟಿಟ್ಟಿದ್ದ ಗಂಟನ್ನು ನೋಡಿದಳು. ಊಟದ ಡಬ್ಬಿ, ಕನ್ನಡಕದ ಮನೆ, ಆ ಹಳೆಯ ವ್ಯಾಕರಣ. ಅದರ ಮೇಲಿದ್ದ ಕೀಲಿಗೊಂಚಲು ನೋಡಿದಳು.

‘ಇದೇನ್ರಿ?’

‘ಇವತ್ತಿಗೆ ನನ್ನ ಕೆಲಸ ಮುಗೀತ್ರಿ.’

ಆಕೆ ಬಾಗಿಲಲ್ಲೇ ನಿಂತಳು. ಹೊರಗೆ ಹುಡುಗರ ಗದ್ದಲ ಏರುತ್ತಿತ್ತು.

‘ಹೋಗ್ರಿ ಅಕ್ಕೋರ’ ಅಂದೆ, ‘ಕ್ಲಾಸಿಗೆ ಹೊತ್ತಾಗತೈತಿ.’